ಗಾಳಿಯಲ್ಲಿ ಪತ್ರ ಕಳಿಸುವ ಕಂಬದಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದ್ವೀಪದ ಸಣ್ಣ ಆಸ್ಪತ್ರೆಯ ತಾರಸಿಯ ಮೇಲೆ ವೃದ್ಧರೊಬ್ಬರು ಒಂದು ಕಾಲು ಚಾಚಿ ಕುಳಿತು, ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರದ ತಂತಿಯನ್ನು ಚಾಕುವಿನಿಂದ ಕೆರೆಯುತ್ತಿದ್ದಾರೆ. ಆಕಾಶ ಬೂದಿಬಣ್ಣವಾಗಿದೆ. ಸಂಜೆಯೊಳಗೆ ಬಿರುಗಾಳಿ ಬರುವುದೆಂದು ಹವಾಮಾನದವರು ಎಚ್ಚರಿಸಿದ್ದಾರೆ.

ಕೆಳಗಿನಿಂದ ದೋಣಿ ನಡೆಸುವವರೊಬ್ಬರು ಕೂಗುತ್ತಾರೆ: "ಏನ್ ಕಂಬದಣ್ಣ, ತಂತಿಗೆ ಕ್ಷೌರ ಮುಗೀತಾ? ಮಧ್ಯಾಹ್ನಕ್ಕೆ ಹೊರಡದಿದ್ರೆ ಆಮೇಲೆ ಈಜ್ಕೊಂಡೇ ಹೋಗ್ಬೇಕು ನೋಡು!"

"ನಿನ್ನ ದೋಣೀಲಿ ಕೂತ್ರೂ ಮಂಡಿತನಕ ನೀರೇ ಅಲ್ವೇನಯ್ಯಾ? ಈಜೋದೇ ವಾಸಿ!"

ದೋಣಿಯವರು ನಗುತ್ತಾರೆ. ಆದರೆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಆಸ್ಪತ್ರೆಯ ಒಳಕೋಣೆಯಲ್ಲಿ ಅವರ ಹೆಂಡತಿ ಮೂರು ದಿಂಬುಗಳಿಗೆ ಒರಗಿ ಉಸಿರಿಗಾಗಿ ಹೆಣಗುತ್ತಿದ್ದಾರೆ. ಹೃದಯ ಸೋತಿದೆ. ಅಲೆಗಳ ಮೇಲೆ ಸಾಗಿಸುವಂತಿಲ್ಲವೆಂದು ದಡದ ವೈದ್ಯರು ಹೇಳಿದ್ದಾರೆ. ದಿನವೂ ಕಾಲಿನ ಬಾವು, ನಾಡಿ, ಉಸಿರಾಟ ನೋಡಿ ವೈದ್ಯರಿಗೆ ತಿಳಿಸಬೇಕು. ಮಾತ್ರೆ ಹೆಚ್ಚಿಸಬೇಕೋ ತಗ್ಗಿಸಬೇಕೋ ಅವರು ಹೇಳಬೇಕು. ಹೋದ ವಾರದ ಗಾಳಿಗೆ ಫೋನಿನ ಗೋಪುರ ಮುರಿದುಬಿದ್ದಿದೆ. ಉಳಿದಿರುವ ದಾರಿ ಒಂದೇ, ಹವ್ಯಾಸಿ ರೇಡಿಯೊ. ಆ ರೇಡಿಯೊದ ಮೂಲಕ ಇಮೇಲ್ ಕಳಿಸುವ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಕೂರಲೊಲ್ಲದು. ಅದನ್ನು ಕೂರಿಸಲೆಂದೇ ಕಂಬದಣ್ಣ ನಿನ್ನೆ ಸಂಜೆಯ ದೋಣಿಯಲ್ಲಿ ಬಂದಿದ್ದಾರೆ. ಅವರ ಕೆಲಸ ನೋಡಿ ಬರೆಯಲೆಂದು ನಾನೂ ಜೊತೆಗೆ ಬಂದಿದ್ದೇನೆ.

ಜನ ಇಟ್ಟ ಹೆಸರು ಅದು. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತುವ ಕೆಲಸ ಮಾಡುತ್ತಿದ್ದರು. ಒಮ್ಮೆ ಕಂಬದಿಂದ ಬಿದ್ದು ಎಡಮಂಡಿ ಮಡಚದಂತಾಯಿತು. ಹಾಸಿಗೆ ಹಿಡಿದ ಆ ದಿನಗಳಲ್ಲಿ ರೇಡಿಯೊ ಕಲಿತು, ಪರೀಕ್ಷೆ ಬರೆದು, ಪರವಾನಗಿ ಪಡೆದರು. ಈಗ ದರ್ಜಿಯಂಗಡಿಯ ಮೇಲಿನ ಒಂದು ಕೋಣೆಯಲ್ಲಿ ತಂಗಿಯೊಡನೆ ವಾಸ. ಕರಾವಳಿಯ ದೀಪಸ್ತಂಭಗಳು, ಮೀನುಗಾರರ ಸಂಘಗಳು, ದ್ವೀಪದ ಆಸ್ಪತ್ರೆಗಳು ಎಲ್ಲ ಸೇರಿ ನಲವತ್ತಕ್ಕೂ ಹೆಚ್ಚು ಕಡೆ ಅವರು ಈ ತಂತ್ರಾಂಶವನ್ನು ಕೂರಿಸಿದ್ದಾರೆ. ಸಂಬಳವಿಲ್ಲ. "ನನ್ನ ತಂಗಿ ಕೇಳ್ತಾಳೆ, ನಿನಗೆ ಮನೇಲಿ ನಲ್ಲಿ ಸೋರೋದು ಕಾಣಲ್ಲ, ಸಮುದ್ರದ ಆಚೆ ತಂತಿ ಸಡಿಲಾದದ್ದು ಕಾಣುತ್ತಾ ಅಂತ. ಏನು ಹೇಳಲಿ? ಅವಳು ಹೇಳೋದು ನಿಜವೇ."

ತಾರಸಿಯಿಂದ ಇಳಿದು, ಔಷಧದ ಬೀರುವಿನ ಪಕ್ಕದ ಮೇಜಿನ ಮುಂದೆ ಕೂರುತ್ತಾರೆ. ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ಕಂಪ್ಯೂಟರ್, ನಡುವೆ ಅಕ್ಷರವನ್ನು ಸದ್ದಾಗಿ ಮಾರ್ಪಡಿಸುವ ಪುಟ್ಟ ಮೋಡೆಮ್. ದ್ವೀಪದ ದಾದಿ ಹಿಂದೆ ನಿಂತಿದ್ದಾರೆ. ಎರಡು ವರ್ಷದ ಹಿಂದಿನ ಬಿರುಗಾಳಿಯಲ್ಲಿ ಅವರ ಗಂಡ ಇದೇ ಕೋಣೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ದ್ವೀಪದಲ್ಲಿ ರೇಡಿಯೊ ಬಲ್ಲವರು ಅವರೊಬ್ಬರೇ ಆಗಿದ್ದರು. "ಕೈ ಹಿಡ್ಕೊಂಡು ಕೂತಿದ್ದೆ ಅಣ್ಣ. ಪೆಟ್ಟಿಗೆ ಎದುರಿಗೇ ಇತ್ತು. ಯಾವ ಗುಂಡಿ ಒತ್ತಬೇಕು ಅಂತ ಅವರಿಗೆ ಹೇಳೋಕಾಗಲಿಲ್ಲ, ನನಗೆ ಗೊತ್ತಿರಲಿಲ್ಲ" ಎನ್ನುತ್ತಾರೆ ದಾದಿ. ಆಮೇಲೆ ಅವರೇ ಓದಿ ಪರೀಕ್ಷೆ ಪಾಸು ಮಾಡಿದರು. ರೇಡಿಯೊದಲ್ಲಿ ತಮ್ಮನ್ನು ಗುರುತಿಸುವ ಅಕ್ಷರ-ಅಂಕಿಗಳ ಕರೆಹೆಸರು ಅವರಿಗೂ ಸಿಕ್ಕಿತು. ಆದರೆ ಹೊಸ ಕಂಪ್ಯೂಟರ್ ಬಂದ ತಿಂಗಳಿನಿಂದ ಒಂದು ಪತ್ರವೂ ಹೋಗಿಲ್ಲ.

ಮೊದಲ ತೊಡಕು ಬೇಗ ಸಿಗುತ್ತದೆ. ಮೋಡೆಮ್ಮಿನ ಕೇಬಲ್ಲಿಗೆ ಹೊಸ ಕಂಪ್ಯೂಟರ್ ಬೇರೆ ಸಂಖ್ಯೆ ಕೊಟ್ಟಿದೆ. ತಂತ್ರಾಂಶ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿದೆ. "ಮನೆ ಬದಲಾಯಿಸಿದ್ದೀವಿ, ಇವನು ಹಳೇ ಬಾಗಿಲೇ ತಟ್ತಾ ಇದ್ದಾನೆ" ಎಂದು ಕಂಬದಣ್ಣ ಸಂಖ್ಯೆಯನ್ನು ತಿದ್ದುತ್ತಾರೆ. ರೇಡಿಯೊ ಚಿಲಿಪಿಲಿಗುಟ್ಟುತ್ತದೆ. ಪತ್ರಗಳನ್ನು ಇಂಟರ್ನೆಟ್ಟಿಗೆ ದಾಟಿಸುವ ದಡದ ಕೇಂದ್ರ ಉತ್ತರ ಕೊಡುತ್ತದೆ. ದಾದಿ ಎರಡೂ ಕೈ ಜೋಡಿಸುತ್ತಾರೆ. ಅಷ್ಟರಲ್ಲಿ ಸಂಪರ್ಕ ಕಡಿದು, ಈ ಹೆಸರಿಗೆ ಅನುಮತಿ ಇಲ್ಲ ಎಂಬ ಸಾಲು ತೆರೆಯ ಮೇಲೆ ಮೂಡುತ್ತದೆ.

ಕಂಬದಣ್ಣ ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ. ಅಲ್ಲಿರುವುದು ದಾದಿಯ ಕರೆಹೆಸರಲ್ಲ, ಅವರ ಗಂಡನದು. ತೀರಿಕೊಂಡವರ ಹೆಸರನ್ನು ದಡದ ಕೇಂದ್ರ ಎಂದೋ ಮುಚ್ಚಿದೆ. ಕಂಬದಣ್ಣ ತಿದ್ದುತ್ತಾರೆ. ತಂತ್ರಾಂಶವನ್ನು ಮುಚ್ಚಿ ತೆರೆದರೆ ಮತ್ತೆ ಅದೇ ಹೆಸರು. ಇನ್ನೊಮ್ಮೆ ತಿದ್ದಿದರೂ ಅದೇ.

"ದಾದಿಯಮ್ಮ, ಹಳೇ ಕಂಪ್ಯೂಟರಿಂದ ಏನಾದ್ರೂ ತಂದು ಇದರೊಳಗೆ ಹಾಕಿದ್ರಾ?"

ದಾದಿ ಮೇಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ. ಆಮೇಲೆ ಮೆಲ್ಲಗೆ, "ಅವರ ಫೋಲ್ಡರ್ ಪೂರಾ ತಂದು ಹಾಕಿದೆ. ಹಳೇದರಲ್ಲಿ ಬೆಳಿಗ್ಗೆ ತೆರೆದ ಕೂಡಲೇ ಮೊದಲು ಅವರ ಹೆಸರೇ ಬರ್ತಿತ್ತು, ಆಮೇಲೆ ನನ್ನದು ಆರಿಸ್ತಿದ್ದೆ. ಹಾಗೇ ಬರಲಿ ಅಂತ... ತಪ್ಪಾಯ್ತಾ ಅಣ್ಣ?"

"ತಪ್ಪೇನಿಲ್ಲ ತಾಯಿ. ಆದ್ರೆ ಆ ಫೋಲ್ಡರಲ್ಲಿ ಆ ಹೆಸರು ಇರೋತನಕ ನಿಮ್ಮ ಪತ್ರ ಹೋಗಲ್ಲ."

"ತೆಗೆಯಲೇಬೇಕಾ?"

"ಅವರು ಬರೆದ ಪತ್ರಗಳನ್ನ ಬೇರೆ ಕಡೆ ಜೋಪಾನವಾಗಿ ಇಟ್ಟುಕೊಡ್ತೀನಿ. ಹೆಸರು ಮಾತ್ರ ಇಲ್ಲಿಂದ ಹೋಗಬೇಕು."

ದಾದಿ ಕಿಟಕಿಯ ಕಡೆ ತಿರುಗುತ್ತಾರೆ. ಒಳಕೋಣೆಯಿಂದ ದೋಣಿಯವರ ಹೆಂಡತಿಯ ಉಸಿರು ಕೇಳುತ್ತಿದೆ. ಅಗಲಿದವರನ್ನು ಒಮ್ಮೆ ಮಣ್ಣಿಗೆ ಒಪ್ಪಿಸಿದರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಬಾಗಿಲ ಹಿಂದಿನ ಅಂಗಿಯನ್ನು ತೆಗೆಯುವ ದಿನ, ತಟ್ಟೆಯನ್ನು ಎತ್ತಿಡುವ ದಿನ, ಮತ್ತೆ ಮತ್ತೆ ಒಪ್ಪಿಸಬೇಕಾಗುತ್ತದೆ. ಒಪ್ಪಿಸುವ ಶಕ್ತಿಯನ್ನು ದೇವರೇ ಕೊಡಬೇಕು.

ರೇಡಿಯೊದವರಲ್ಲಿ ಒಂದು ಪದ್ಧತಿಯಿದೆ. ಬಳಗದವರು ತೀರಿಕೊಂಡರೆ ಉಳಿದವರಲ್ಲಿ ಒಬ್ಬರು ಅವರ ಕರೆಹೆಸರನ್ನು ಗಾಳಿಯಲ್ಲಿ ಮೂರು ಸಲ ಕರೆಯುತ್ತಾರೆ, ಉತ್ತರಕ್ಕೆ ಕಾಯುತ್ತಾರೆ, ಬಾರದಿದ್ದಾಗ ವಿದಾಯ ಹೇಳುತ್ತಾರೆ. ಎರಡು ವರ್ಷದ ಹಿಂದೆ ಸಮುದ್ರದ ಅಬ್ಬರ ಇಳಿದು ದಡಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಬೇರೆ ಯಾರೋ ಕರೆದಿರಬಹುದೆಂದು ಎಲ್ಲರೂ ಸುಮ್ಮನಾಗಿದ್ದರು. ಯಾರೂ ಕರೆದಿರಲಿಲ್ಲ.

ಕಂಬದಣ್ಣ ಟೊಪ್ಪಿ ತೆಗೆದು ಮೇಜಿನ ಮೇಲಿಡುತ್ತಾರೆ. ಮೈಕ್ ಹಿಡಿದು, ಮೊದಲು ತಮ್ಮ ಗುರುತು ಹೇಳಿ, ದಾದಿಯ ಗಂಡನ ಕರೆಹೆಸರನ್ನು ನಿಧಾನವಾಗಿ ಕರೆಯುತ್ತಾರೆ. ಒಮ್ಮೆ. ಮತ್ತೊಮ್ಮೆ. ಮೂರನೆಯ ಸಲ. ಸ್ಪೀಕರಿನಲ್ಲಿ ಬರೀ ಮೊರೆತ. ದಾದಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಬಾಗಿಲಲ್ಲಿ ದೋಣಿಯವರು ತಲೆ ತಗ್ಗಿಸಿದ್ದಾರೆ. "ಗೆಳೆಯ, ನಿನ್ನ ಪಾಳಿ ಮುಗೀತು. ವಿಶ್ರಾಂತಿ ತಗೋ. ಇಲ್ಲಿಂದ ಮುಂದೆ ನಿನ್ನ ಮನೆಯವರು ನೋಡ್ಕೋತಾರೆ" ಎಂದು ಕಂಬದಣ್ಣ ಮೈಕ್ ಕೆಳಗಿಡುತ್ತಾರೆ.

ಪತ್ರಗಳನ್ನು ಪೆನ್‌ಡ್ರೈವಿಗೆ ಇಳಿಸಿ ದಾದಿಯ ಕೈಗೆ ಕೊಟ್ಟು, ಕುರ್ಚಿ ಬಿಟ್ಟು ಏಳುತ್ತಾರೆ. "ಅಳಿಸೋ ಗುಂಡಿ ನೀವೇ ಒತ್ತಿ. ಅದು ನನ್ನ ಕೆಲಸ ಅಲ್ಲ." ದಾದಿ ಕುಳಿತು ಬಹಳ ಹೊತ್ತು ತೆರೆಯನ್ನು ನೋಡುತ್ತಾರೆ. ಒತ್ತುತ್ತಾರೆ.

ತಂತ್ರಾಂಶವನ್ನು ಹೊಸದಾಗಿ ಕೂರಿಸಿ, ದಾದಿಯ ಕರೆಹೆಸರು ಬರೆದು, ಕೇಬಲ್ಲಿನ ಸಂಖ್ಯೆ ಕೊಟ್ಟು, ರೋಗಿಯ ವಿವರ ಕಳಿಸಿದಾಗ ಪತ್ರ ಹೋಗುತ್ತದೆ. ದೋಣಿ ಬಿಡುವ ಮುಂಚೆಯೇ ವೈದ್ಯರ ಉತ್ತರವೂ ಬರುತ್ತದೆ: ನೀರಿಳಿಸುವ ಮಾತ್ರೆ ಅರ್ಧ ಹೆಚ್ಚಿಸಿ.

ಇದಾದ ಹತ್ತು ದಿನಕ್ಕೆ ಕಂಬದಣ್ಣನನ್ನು ದರ್ಜಿಯಂಗಡಿಯ ಮೇಲಿನ ಅವರ ಕೋಣೆಯಲ್ಲಿ ಮತ್ತೆ ಕಾಣುತ್ತೇನೆ. ಬಿರುಗಾಳಿ ಆರು ದಿನ ಕದಲಲಿಲ್ಲ. ದೋಣಿಯವರ ಹೆಂಡತಿ ಉಳಿಯಲಿಲ್ಲ. ದಿನವೂ ಪತ್ರ ಹೋಯಿತು, ಉತ್ತರ ಬಂತು. ಕೊನೆಗೆ ಉಸಿರಿನ ಸಂಕಟ ತಗ್ಗಿಸಲು ಏನು ಕೊಡಬೇಕೆಂದು ವೈದ್ಯರು ಬರೆದರು. ಐದನೆಯ ಬೆಳಿಗ್ಗೆ ಆ ತಾಯಿ ತೀರಿಕೊಂಡರು.

"ಉಳಿಸೋಕೆ ಆಗಲಿಲ್ಲ. ಅದು ಮೇಲಿನವನ ಲೆಕ್ಕ" ಎನ್ನುತ್ತಾರೆ ಕಂಬದಣ್ಣ. "ಅವರ ಮಗಳು ಈ ಕಡೆ ದಡದಲ್ಲೇ ಇರೋದು. ಅವರು ಹೋಗೋ ಹಿಂದಿನ ದಿನ ಗಾಳಿಮಳೇಲಿ ನೆನ್ಕೊಂಡು ಮೆಟ್ಟಿಲು ಹತ್ತಿ ಬಂದ್ಲು. ಅಮ್ಮನಿಗೆ ನಾಲ್ಕು ಮಾತು ಹೇಳಬೇಕು ಅಂದ್ಲು. ಅವಳು ಅಳ್ತಾ ಹೇಳಿದ್ಲು, ನಾನು ಟೈಪ್ ಮಾಡಿದೆ. ದಾದಿಯಮ್ಮ ಅಲ್ಲಿ ಕಿವಿ ಹತ್ರ ಓದಿದ್ರಂತೆ. ಎರಡು ಸಲ ಓದಿಸ್ಕೊಂಡ್ರಂತೆ."

ಏನು ಬರೆಸಿದಳೆಂದು ನಾನು ಕೇಳುವುದಿಲ್ಲ. ಕೆಳಗೆ ಹೊಲಿಗೆ ಯಂತ್ರ ಓಡುತ್ತಿದೆ. ಅವರು ಮಡಚದ ಕಾಲನ್ನು ನೀವಿಕೊಳ್ಳುತ್ತಾ ರೇಡಿಯೊದ ಕಡೆ ನೋಡುತ್ತಾರೆ.

"ಅಂಥಾ ಗಾಳಿ ನೋಡಿ ಅವತ್ತು. ಒಂದಕ್ಷರಾನೂ ದಾರೀಲಿ ಬಿದ್ದುಹೋಗಲಿಲ್ಲ."