ಸೋಮವಾರದ ಎಪಿಸೋಡು

ಆ ಭಾನುವಾರ ಸಂಜೆ ಅವ್ವನೂ ನಾನೂ ಟೀವಿ ಮುಂದೆ ಚಾಪೆ ಹಾಸಿಕೊಂಡು ಅವರೆಕಾಳು ಹಿಚುಕುತ್ತ ಕೂತಿದ್ದೆವು. ನೆನೆಸಿದ ಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ನಗುತ್ತ ಒತ್ತಿದರೆ ಎಲ್ಲಿಗೆ ಬೇಕಾದರೂ ಹಾರುತ್ತದೆ. ಅವತ್ತು ನಾನು ಹಾರಿಸಿದ ಬೇಳೆ ಟೀವಿಯ ಗಾಜಿಗೂ ಅದರ ಮೇಲಿದ್ದ ದೇವರ ಫೋಟೋಗೂ ಬಡಿದವು. "ನೀ ಇಂಗೆ ನಕ್ಕೊಂಡ್ ಕೂತ್ರೆ ಸಾರಿಗೆ ಏನ್ ಉಳೀತದವ್ವ" ಎಂದು ಅವ್ವ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

ನಾವು ನೋಡುತ್ತಿದ್ದದ್ದು ವಾರಕ್ಕೊಮ್ಮೆ ಬರುವ ಹಾಸ್ಯ ಧಾರಾವಾಹಿ. ಒಂದು ಆಫೀಸು, ಅಲ್ಲೊಬ್ಬ ಮ್ಯಾನೇಜರು, ಅವನ ಜೊತೆ ಏಗುವ ಮೂರ್ನಾಲ್ಕು ಜನ, ಅಷ್ಟೇ ಕಥೆ. ಯಾರು ಏನು ಕೇಳಿದರೂ ಆ ಮ್ಯಾನೇಜರು ಮೊದಲು "ನಾವೆಲ್ಲ ಒಂದೇ ಮನೆಯವರು" ಎನ್ನುತ್ತಿದ್ದ, ಆಮೇಲೆ ಇಲ್ಲ ಎನ್ನುತ್ತಿದ್ದ. ಆಗ ನಾನು ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ನನ್ನ ಪಾಲಿಗೆ ಅದು ಹಾಸ್ಯಕ್ಕಿಂತ ಹೆಚ್ಚಾಗಿ ವಾರ್ತೆ.

ಆ ವಾರದ ಎಪಿಸೋಡಿನಲ್ಲಿ ಮ್ಯಾನೇಜರು ಆಫೀಸಿಗೆ ತಿಂಡಿ ತರಬಾರದೆಂದು ಆರ್ಡರ್ ಹೊರಡಿಸುತ್ತಾನೆ. ಆಮೇಲೆ ತಾನೇ ಹಳೇ ಫೈಲುಗಳ ಕೋಣೆಗೆ ಹೋಗಿ, ಬಾಗಿಲು ಎಳೆದುಕೊಂಡು, ಕದ್ದು ಬೋಂಡಾ ತಿನ್ನುತ್ತಾನೆ. ಬೀಗ ತಾನಾಗಿಯೇ ಬಿದ್ದುಬಿಡುತ್ತದೆ. ಬೀಗದ ಕೈ ಬೇಕೆಂದರೆ ಅರ್ಜಿ ಕೊಡಬೇಕು, ಅರ್ಜಿಗೆ ಮ್ಯಾನೇಜರ ಸಹಿ ಬೀಳಬೇಕು. ಆ ನಿಯಮ ಮಾಡಿದವನೂ ಅವನೇ. ಹೊರಗಿನವರು ಸೇರಿ ಮೀಟಿಂಗ್ ನಡೆಸಿ, ಕಡೆಗೆ ಅರ್ಜಿಯನ್ನು ಬಾಗಿಲ ಕೆಳಗಿನಿಂದ ಒಳಗೆ ತೂರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅದು ವಾಪಸ್ ಬರುತ್ತದೆ. ಒಂದು ಮೂಲೆಯಲ್ಲಿ ಎಣ್ಣೆ ಕಲೆ, ಇನ್ನೊಂದು ಮೂಲೆಯಲ್ಲಿ ಅವನ ಷರಾ: "ಕಾರಣ ಸಮರ್ಪಕವಾಗಿಲ್ಲ. ತಿರಸ್ಕರಿಸಲಾಗಿದೆ."

ನಾನು ಚಾಪೆ ಮೇಲೆ ಉರುಳಿಬಿಟ್ಟೆ. ಮಾತುಮಾತಿಗೆ ಸಿಡುಕುತ್ತಿದ್ದ ಅವ್ವನೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಲಗುವ ಮೊದಲೇ ನಾಳೆ ಊಟದ ಹೊತ್ತಿಗೆ ಇದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಏಕೆಂದರೆ ಸೋಮವಾರ ಎಪಿಸೋಡು ಹೇಳುವುದು ನನ್ನ ಕೆಲಸವೇ ಆಗಿಹೋಗಿತ್ತು. ನಮ್ಮ ಅಕೌಂಟ್ಸ್ ಅಕ್ಕನ ಮನೆಯಲ್ಲಿ ರಿಮೋಟು ಅವರ ಅತ್ತೆಯ ದಿಂಬಿನ ಕೆಳಗೆ ಇರುತ್ತಿತ್ತು. ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರಿಗೆ ಭಾನುವಾರ ಸಂಜೆ ಎಂದರೆ ವಾರದ ಬಟ್ಟೆಯೆಲ್ಲ ಒಗೆಯುವ ಹೊತ್ತು. ಎಲ್ಲರೂ ಸ್ಟೋರ್ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ನನ್ನ ಬಾಯಿ ನೋಡುತ್ತಿದ್ದರು. ನಾನು ಬರೀ ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದೆ. ಧಾರಾವಾಹಿಯ ಮ್ಯಾನೇಜರಿಗೆ ನಮ್ಮ ಮ್ಯಾನೇಜರ ಮಾತು, ನಡಿಗೆ ಎರಡನ್ನೂ ಕೊಟ್ಟಿದ್ದೆ. ನಮ್ಮವರು ಹುಬ್ಬಳ್ಳಿ ಕಡೆಯವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮುರಿಯದ ಷರಟು. ಮಾತು ಶುರು ಮಾಡುವ ಮೊದಲು ಪ್ಯಾಂಟು ಮೇಲಕ್ಕೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, "ನೋಡ್ರಿ…" ಎನ್ನುತ್ತಿದ್ದರು. ಆ "ನೋಡ್ರಿ" ಒಂದಕ್ಕೇ ಪ್ಯಾಕಿಂಗಿನವರು ಬಿದ್ದು ಬಿದ್ದು ನಗುತ್ತಿದ್ದರು.

ಆ ಸೋಮವಾರ ಕಥೆ ಅರ್ಜಿ ಒಳಗೆ ಹೋಗುವವರೆಗೆ ಬಂದಿತ್ತು. ನಾನು ಇಲ್ಲದ ಪ್ಯಾಂಟನ್ನು ಚೂಡಿದಾರದ ಮೇಲೇ ಎಳೆದುಕೊಂಡು, "ನೋಡ್ರಿ, ಕಾಲಂ ತುಂಬಿಲ್ಲ" ಎಂದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು, ಕೈಯಲ್ಲಿ ಖಾಲಿ ನೀರಿನ ಬಾಟಲಿ. ಅವರ ಕ್ಯಾಬಿನ್ನಿನ ಕ್ಯಾನು ಬರಿದಾಗಿತ್ತಂತೆ.

"ಯಾಕ ನಿಲ್ಲಿಸಿದ್ರಿ? ಅರ್ಜಿ ಒಳಗ ಹೋದ ಮ್ಯಾಲ ಏನಾತು?" ಎಂದರು.

ಅವರು ಬೆಂಚಿನ ತುದಿಯಲ್ಲಿ ಕೂತು, ತಾವೂ ಆ ಧಾರಾವಾಹಿಯನ್ನು ಒಂದು ವಾರವೂ ಬಿಡುವವರಲ್ಲವೆಂದು, ನಿನ್ನೆ ಯಾರದೋ ಗೃಹಪ್ರವೇಶಕ್ಕೆ ಹೋಗಬೇಕಾಗಿ ಬಂದು ತಪ್ಪಿಹೋಯಿತೆಂದು ಹೇಳಿದರು. ಹೇಳದೆ ಬೇರೆ ದಾರಿಯಿರಲಿಲ್ಲ. ಮುಂದಿನ ಭಾಗಕ್ಕೆ ಧಾರಾವಾಹಿಯ ಮ್ಯಾನೇಜರ ಮಾತನ್ನು ಹುಬ್ಬಳ್ಳಿಯಿಂದ ತಂದು ಮೈಸೂರಿನಲ್ಲಿ ಇಳಿಸಿದೆ. "ನೋಡೀಪ್ಪಾ" ಎಂದು ಮೆತ್ತಗೆ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಮೊದಲಿನ ದನೀನ ಚೊಲೋ ಇತ್ತು. ಅದರಾಗ ಹೇಳ್ರಿ."

ಅಕೌಂಟ್ಸ್ ಅಕ್ಕನಿಗೆ ಚಿತ್ರಾನ್ನ ನೆತ್ತಿಗೆ ಹತ್ತಿತು. ನಾನು ಅವರ ದನಿಯನ್ನು ಅವರ ಎದುರಿಗೇ ಮತ್ತೆ ತೆಗೆದು, ಬೋಂಡಾ, ಎಣ್ಣೆ ಕಲೆ, ತಿರಸ್ಕಾರ ಎಲ್ಲವನ್ನೂ ಮುಗಿಸಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು, ಕನ್ನಡಕ ತೆಗೆದು ಒರೆಸಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಗುಟ್ಟು ಹೇಳುವ ಹಾಗೆ, "ಥೇಟ್ ನಮ್ಮ ಎಂಡಿ ಸಾಹೇಬ್ರು" ಎಂದರು. ನೀರು ತುಂಬಿಕೊಳ್ಳುವುದನ್ನು ಮರೆತೇ ಹೋದರು.

ಅವರಿಗೆ ಗೊತ್ತಾಯಿತೋ ಇಲ್ಲವೋ ಎನ್ನುವುದು ಆ ವಾರವಿಡೀ ನಮ್ಮ ಚರ್ಚೆ. ತನ್ನ ದನಿ ತನಗೇ ಗುರುತು ಸಿಗುವುದಿಲ್ಲ ಎಂದು ನನ್ನ ವಾದ. ಗೊತ್ತಾಗಿದೆ, ಈ ಸಲದ ಇನ್ಕ್ರಿಮೆಂಟಿನ ಆಸೆ ಬಿಡು ಎಂದು ಅಕ್ಕನ ವಾದ. ಇದು ಇತ್ಯರ್ಥವಾಗುವ ಮೊದಲೇ ಮುಂದಿನ ಸೋಮವಾರ ಅವರು ರೊಟ್ಟಿ ಡಬ್ಬಿ ಹಿಡಿದುಕೊಂಡು ಬಂದು ಅದೇ ಬೆಂಚಿನ ಮೇಲೆ ಕೂತರು. ಟೀವಿಯಲ್ಲಿ ನೋಡಿದ್ದರೂ ಇಲ್ಲಿ ಇನ್ನೊಮ್ಮೆ ಕೇಳಿದರೆ ಬೇರೆ ರುಚಿಯಂತೆ. ಆಮೇಲೆ ಪ್ರತಿ ವಾರವೂ ಬಂದರು. ಶೇಂಗಾ ಚಟ್ನಿಪುಡಿ ಎಲ್ಲರಿಗೂ ಹಂಚುತ್ತಿದ್ದರು.

ಬೇಸಿಗೆ ಶುರುವಾದಾಗ ಒಂದು ಭಾನುವಾರ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಢಮ್ಮೆಂದಿತು. ಕರೆಂಟು ಬಂದದ್ದು ಮಾರನೇ ದಿನ. ಎಪಿಸೋಡು ಹೋಯಿತು. ನೋಡಲಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಡಬ್ಬಿ ಬಿಚ್ಚಿಕೊಂಡು ಅಷ್ಟು ಜನ ಕಾಯುತ್ತಿರುವುದನ್ನು ನೋಡಿ ನನ್ನೊಳಗಿನ ಕಿಡಿಗೇಡಿಗೆ ಸುಮ್ಮನಿರಲಾಗಲಿಲ್ಲ. ಪ್ಯಾಕಿಂಗಿನವರು ಕೆಲಸ ಮಾಡುತ್ತಿದ್ದದ್ದು ತಗಡಿನ ಸೂರಿನ ಶೆಡ್ಡಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಅಂಟಿಸುವ ಟೇಪಿನ ಗೋಂದು ಕರಗಿ ಕೈಗೆ ಬರುತ್ತಿತ್ತು. ಫ್ಯಾನಿಗೆಂದು ಅವರು ಕೇಳಿ ಕೇಳಿ ಸಾಕಾಗಿದ್ದರು.

ನಾನು ಎಪಿಸೋಡು ಕಟ್ಟಿದೆ. ಮ್ಯಾನೇಜರ ಕೋಣೆಗೆ ಬಣ್ಣ ಬಳಿಯುವುದಿರುತ್ತದೆ, ಅವನ ಮೇಜು ಕುರ್ಚಿಯನ್ನು ತಗಡಿನ ಶೆಡ್ಡಿಗೆ ಸಾಗಿಸುತ್ತಾರೆ. ಬೆಳಿಗ್ಗೆ ಅವನು ಕೋಟು ತೆಗೆಯುತ್ತಾನೆ, ಆಮೇಲೆ ಟೈ, ಆಮೇಲೆ ಷರಟು. ಮಧ್ಯಾಹ್ನ ದೊಡ್ಡ ಗಿರಾಕಿ ಬಂದಾಗ ಬನಿಯನ್ನಿನಲ್ಲಿ ಕೂತು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತಿರುತ್ತಾನೆ. ಪ್ಯಾಕಿಂಗಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಮ್ಯಾನೇಜರು ಮಾತ್ರ ರೊಟ್ಟಿ ಮುರಿಯುತ್ತ, ನಗದೆ ಕೇಳಿಸಿಕೊಂಡರು.

"ಈ ವಾರದ್ದು ಅಷ್ಟೇನ್ ಚೊಲೋ ಇಲ್ಲ" ಎಂದು ಕೈ ತೊಳೆಯಲು ಎದ್ದರು.

ಆ ಶುಕ್ರವಾರ ಎಲೆಕ್ಟ್ರಿಷಿಯನ್ ಏಣಿ ತಂದು ಶೆಡ್ಡಿನಲ್ಲಿ ಫ್ಯಾನು ಹಾಕಿಹೋದ. ಯಾರು ಹೇಳಿದರೆಂದು ಕೇಳಿದರೆ ಆಫೀಸಿನಿಂದ ಎಂದನಂತೆ. ಪ್ಯಾಕಿಂಗಿನವರು ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ತಲೆಯೆತ್ತಿ ನಿಂತರು. ಅವತ್ತು ನನಗೆ ಚಹಾದ ಜೊತೆ ಅವರ ಖರ್ಚಿನಲ್ಲಿ ಬನ್ನು ಬಂತು.

ಸಂಜೆ ಚಲನ್ ಬರೆಯುತ್ತಿದ್ದಾಗ ಮ್ಯಾನೇಜರು ನನ್ನ ಮೇಜಿನ ಬಳಿ ಬಂದು ನಿಂತರು. ಪ್ಯಾಂಟು ಎಳೆದುಕೊಂಡರು, ಗಂಟಲು ಸರಿಮಾಡಿಕೊಂಡರು.

"ನೋಡ್ರಿ, ಹೋದ ಭಾನುವಾರ ನಾನೂ ಟೀವಿ ಮುಂದನ ಕುಂತಿದ್ದೆ. ನಮ್ಮ ಮನ್ಯಾಗ ಆಫೀಸಿಗೆ ನಾಯಿ ಹೊಕ್ಕ ಎಪಿಸೋಡ್ ಬಂತು. ಈ ಶೆಡ್ಡಿನ ಎಪಿಸೋಡ್ ಯಾಕ ಬರಲಿಲ್ಲ?"

ಸುಳ್ಳು ಬಾಯಿಗೆ ತಾನಾಗಿಯೇ ಬಂತು.

"ನಿಮ್ಮ ಕಡೆ ಕೇಬಲ್‌ನವನು ಬೇರೆ ಇರ್ಬೇಕು ಸಾರ್."

ಅವರು ಇದನ್ನು ಗಂಭೀರವಾಗಿ ಯೋಚಿಸುವವರಂತೆ ಕಿಟಕಿಯ ಕಡೆ ನೋಡಿದರು. ತುಟಿಯ ಒಂದು ತುದಿ ಮಾತ್ರ ಅದುರುತ್ತಿತ್ತು.

"ಇರಬಹುದು" ಎಂದರು. "ಹಂಗಿದ್ರ ನಿಮ್ಮ ಕೇಬಲ್‌ನವಗ ಹೇಳ್ರಿ, ಒಂದ ವಾರನಾದ್ರೂ ಆ ಮ್ಯಾನೇಜರ್ ಗೆಲ್ಲಲಿ."

ದನಿಯ ವಿಷಯದಲ್ಲಿ ಅಕ್ಕನ ಮಾತೇ ಸರಿ ಎಂದು ನನಗೆ ಆಗ ಖಾತ್ರಿಯಾಯಿತು. ಆದರೆ ಹೆದರಿಕೆ ಆಗಲಿಲ್ಲ.

ಆ ಭಾನುವಾರ ಕರೆಂಟು ಇತ್ತು, ಎಪಿಸೋಡೂ ಬಂತು. ಆದರೂ ಸೋಮವಾರ ನಾನು ಹೇಳಿದ್ದು ನನ್ನದೇ. ಅದರಲ್ಲಿ ಆಫೀಸಿನವರೆಲ್ಲ ಸೇರಿ ಮ್ಯಾನೇಜರಿಗೆ ಒಂದು ಬಲೆ ಹೆಣೆಯುತ್ತಾರೆ. ಅವನು ಮೊದಲೇ ಅರಿತುಕೊಂಡು, ಅವರನ್ನೇ ಅದರಲ್ಲಿ ಕೆಡವಿ, ಕೈ ಕಟ್ಟಿ ನಿಂತು ನಗುತ್ತಾನೆ. ತುಂಬ ಶ್ರದ್ಧೆಯಿಂದ ಕಟ್ಟಿದ್ದೆ, ದನಿಯಲ್ಲೂ ಏನೂ ಕಡಿಮೆ ಮಾಡಲಿಲ್ಲ. ಪ್ಯಾಕಿಂಗಿನವರು ಮುಖ ಮುಖ ನೋಡಿಕೊಂಡರು. ಒಬ್ಬಳು ಆಕಳಿಸಿದಳು. ಈಚೆಗೆ ಬರೆಯೋರು ಬದಲಾಗಿರ್ಬೇಕು, ಸಪ್ಪೆ ಆಯ್ತು ಎಂದು ಅಕ್ಕ ಡಬ್ಬಿ ಮುಚ್ಚಿದರು.

ಮ್ಯಾನೇಜರು ಮಾತ್ರ ಬೆಂಚಿನ ತುದಿಯಲ್ಲಿ ಕೂತು, ಇನ್ನೊಂದು ರೊಟ್ಟಿ ಬಿಡಿಸಿಕೊಂಡು, ಬಹಳ ಹೊತ್ತು ನಿಧಾನವಾಗಿ ಸವಿದು ಉಂಡರು.