ಕೀಲಿ ಚಿತ್ರ

ಮೈಕ್ರೋವೇವ್ ರಿಪೇರಿಗೆಂದು ಎಮ್ಮಿಗನೂರಿನ ಒಂದು ಮನೆಗೆ ಹೋಗಿದ್ದೆ. ಓವನ್‌ನಲ್ಲಿ ಅಂಕಿಗಳು ಬೆಳಗುತ್ತಿದ್ದವು, ಯಾವ ಗುಂಡಿ ಒತ್ತಿದರೂ ಶುರುವಾಗುತ್ತಿರಲಿಲ್ಲ. ಪ್ಲಗ್ ಬದಲಿಸಿದೆ, ಬಾಗಿಲು ತೆರೆದು ಮುಚ್ಚಿ ನೋಡಿದೆ. ಕೊನೆಗೆ ಮನೆಯ ಸೊಸೆಗೆ ಗಂಭೀರವಾಗಿ ಹೇಳಿದೆ: "ಒಳಗಿನ ಬೋರ್ಡ್ ಹೋಗೇತ್ರಿ ಅಕ್ಕಾರ. ಹೊಸಪೇಟೆಗೆ ಒಯ್ಯಬೇಕು."

ಹೀರೇಕಾಯಿ ಹೆರೆಯುತ್ತಿದ್ದ ಅತ್ತೆ ಕತ್ತೆತ್ತಿದರು. "ತಮ್ಮಾ, ನನಗ ಓದಾಕ ಬರಂಗಿಲ್ಲ. ಆದ್ರ ಅಲ್ಲಿ ಸಣ್ಣ ಕೀಲಿ ಚಿತ್ರ ಕಾಣಾಕತ್ತೈತಿ. ಕೀಲಿ ಹಾಕಿದ್ರ ಅದು ಹೆಂಗ ನಡೀತೈತಿ?"

ನೋಡಿದೆ. ಮಕ್ಕಳು ಮುಟ್ಟದಿರಲೆಂದು ಇರುವ ಚೈಲ್ಡ್ ಲಾಕ್! ಅದರ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದೆ, ಕೀಲಿ ಚಿತ್ರ ಹೋಯಿತು. ಸ್ಟಾರ್ಟ್ ಒತ್ತಿದೆ, ಓವನ್ ಗುಂಯ್ ಎಂದಿತು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಬೋರ್ಡ್ ಒಯ್ತೀಯೇನಪಾ?" ಅತ್ತೆ ನಗದೇ ಕೇಳಿದರು.

"ಬ್ಯಾಡ್ರಿ ಅಮ್ಮಾರ," ಎಂದೆ.

ಈಗ ಯಾವ ಮನೆಗೆ ಹೋದರೂ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಅಲ್ಲಿನ ಹಿರಿಯರನ್ನು ಮಾತಾಡಿಸುತ್ತೇನೆ. ಜನ ಅದನ್ನು ನನ್ನ ಸಂಸ್ಕಾರ ಅಂದುಕೊಂಡಿದ್ದಾರೆ.