ಅತ್ತೆಯ ಹೆಸರಿನಲ್ಲಿ ನನ್ನ ಹಿಮ್ಮಡಿ

ನಮ್ಮ ಮನೆಯಲ್ಲಿ ಯಾವ ಕೆಲಸಕ್ಕಾದರೂ ಮನೆಗೊಬ್ಬರು ಹೋದರೆ ಸಾಕು ಎಂಬ ಕಾನೂನಿದೆ. ಸಾವಿನ ಮನೆಗೆ, ತೊಟ್ಟಿಲ ಕಾರ್ಯಕ್ಕೆ, ರೇಷನ್ ಅಂಗಡಿಗೆ ಒಬ್ಬರು ಹೋಗಿ ನಿಂತರೆ ಮನೆಮಂದಿಯೆಲ್ಲ ಹೋದಂತೆ. ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು ಈ ಕಾನೂನಿನ ದೊಡ್ಡ ಪಂಡಿತರು. ನನ್ನ ತವರಿನ ಮದುವೆಗೆ ನಾನೊಬ್ಬಳೇ ಹೋಗಿಬಂದರೆ, "ನಾವೂ ಬಂದಂಗ ಆತಲ್ಲ," ಎಂದು ತಾವೇ ಉಂಡವರಂತೆ ಹೊಟ್ಟೆ ಸವರಿಕೊಳ್ಳುತ್ತಾರೆ. ಹೀಗಾಗಿ ಅತ್ತೆಯ ಎಲುಬಿನ ಪರೀಕ್ಷೆಗೂ ನಾನೇ ಹೋಗಿಬಂದೆ.

ರಂಗಂಪೇಟೆಯ ಕಲ್ಯಾಣ ಮಂಟಪದಲ್ಲಿ ಎಲುಬಿನ ಉಚಿತ ತಪಾಸಣೆ ಎಂದು ಆಟೋಕ್ಕೆ ಮೈಕು ಕಟ್ಟಿ ಎರಡು ದಿನ ಕೂಗಿದ್ದರು. ಐವತ್ತು ದಾಟಿದ ಹೆಂಗಸರಿಗೆ ಮಾತ್ರ, ಆಧಾರ್ ಝೆರಾಕ್ಸ್ ತರಬೇಕು, ಎಲುಬು ಸವೆದು ಮುರಿಯುವ ಮೊದಲೇ ತಿಳಿದರೆ ಔಷಧಿ ಇದೆ. ಅತ್ತೆಗೆ ಅರವತ್ತಾರು. ಕೆಲವು ತಿಂಗಳಿಂದ ಬೆನ್ನುನೋವು ಅನ್ನುತ್ತಿದ್ದರು. ಸೀರೆಯ ಅಂಚು ನೆಲಕ್ಕೆ ತಾಗುತ್ತದೆಂದು ದಿನವೂ ಮೇಲೆತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಸೀರೆ ಬೆಳೆಯುವುದಿಲ್ಲ, ಉಟ್ಟವರು ಕುಗ್ಗುತ್ತಾರೆ ಎಂಬುದು ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಹೊಳೆದಿರಲಿಲ್ಲ. ಆದರೂ ಕರೆದೆ. ರೊಟ್ಟಿ ಬಡಿಯುತ್ತ ಕೂತಿದ್ದ ಅತ್ತೆ ಹೇಗೆ ಪರೀಕ್ಷೆ ಮಾಡುತ್ತಾರೆಂದು ಕೇಳಿದರು. ಮಶೀನಿನೊಳಗೆ ಹಿಮ್ಮಡಿ ಇಡಬೇಕಂತೆ ಎಂದೆ.

"ಮಶೀನಿಗಿ ಕಾಲ ಹಚ್ಚಬೇಕೇನು? ದಸರಾಕ ಕುಂಕುಮ ಹಚ್ಚಿ ಕೈ ಮುಗೀತೀವಿ, ಅದಕ್ಕ ಕಾಲ ಹಚ್ಚಲೇನು? ನಾ ಒಲ್ಲೆ. ನೀ ಹೋಗಿ ಬಾ, ಮನಿಗೊಬ್ರು ಹೋದ್ರ ಆತು. ನನ್ನ ಆಧಾರ ಒಯ್ಯಿ."

"ಮೈಯಾಗಿನ ಎಲುಬ್ರಿ ಅತ್ತಿ, ನಾ ಹೋದ್ರ ಹೆಂಗ?" ಎಂದು ನಾನು ಒಂದು ಸಲ ಕೇಳಿದ್ದು ನಿಜ.

ಯಜಮಾನರು ಪೇಪರಿನಿಂದ ತಲೆಯೆತ್ತಿ, "ಹೆಸರು ಅವ್ವಂದು ಬರತದಲ್ಲ, ಮತ್ತೇನು," ಎಂದು ತೀರ್ಪು ಕೊಟ್ಟರು. ಬಂದವರಿಗೆ ಕ್ಯಾಲ್ಸಿಯಂ ಮಾತ್ರೆಯ ಜೊತೆ ಸ್ಟೀಲಿನ ಡಬ್ಬಿಯನ್ನೂ ಕೊಡುತ್ತಾರೆಂದು ಓಣಿಯಲ್ಲಿ ಸುದ್ದಿಯಿತ್ತು. ಎರಡನೆಯ ಸಲ ನಾನು ಕೇಳಲಿಲ್ಲ.

ಮಂಟಪದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವರು ಝೆರಾಕ್ಸ್ ನೋಡಿದರು, ನನ್ನನ್ನು ನೋಡಲಿಲ್ಲ. ಅರವತ್ತಾರು ಎಂದು ಬರೆದು ಒಳಗೆ ಕಳಿಸಿದರು. ನನಗಾಗ ಮೂವತ್ತೆಂಟು. ಒಳಗೆ ಪುಟ್ಟ ಪೆಟ್ಟಿಗೆಯಂಥ ಮಶೀನಿನ ಮುಂದಿದ್ದ ಹೆಣ್ಣುಮಗಳು ನನ್ನ ಹಿಮ್ಮಡಿಗೆ ತಣ್ಣನೆಯ ಅಂಟು ಸವರಿ ಅದರ ಸಂದಿಯಲ್ಲಿ ಇಡಿಸಿದಳು. ಆಕೆ ನೋಡಿದ್ದು ಕಾಲನ್ನು ಮತ್ತು ಪರದೆಯನ್ನು ಮಾತ್ರ.

"ಈ ವಯಸ್ಸಿಗಿ ಇಂಥ ಎಲುಬು ನಾ ನೋಡೇ ಇಲ್ರಿ ಅಮ್ಮ," ಎಂದಳು.

ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, "ಜ್ವಾಳದ ರೊಟ್ಟಿರಿ," ಎಂದು ಮುದುಕಿಯ ದನಿಯಲ್ಲಿ ಹೇಳಿದೆ. ಚೀಟಿಯಲ್ಲಿ ಹಸಿರು ಪಟ್ಟಿ ಬಂತು, ಪಕ್ಕದಲ್ಲಿ ನಾರ್ಮಲ್ ಎಂಬ ಷರಾ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶಿಬಿರ ಮಾಡಿದವರಿಗೆ ಸಮಾರೋಪ ಬೇಕು, ಸಮಾರೋಪಕ್ಕೆ ಸನ್ಮಾನ ಬೇಕು. ನಮ್ಮ ಕಡೆ ಸನ್ಮಾನವಿಲ್ಲದೆ ಕೊಳವೆಬಾವಿಯಲ್ಲೂ ನೀರು ಬೀಳುವುದಿಲ್ಲ. ಪರೀಕ್ಷೆಯಾದವರಲ್ಲೆಲ್ಲ ಗಟ್ಟಿ ಎಲುಬಿನ ತಾಯಿ ಎಂದು ಮೈಕಿನಲ್ಲಿ ಅತ್ತೆಯ ಹೆಸರು ಕೂಗಿದರು. ನಾನು ಕಂಬದ ಹಿಂದೆ ಸರಿದೆ. ನನ್ನನ್ನು ಕರೆದೊಯ್ಯಲು ಬಂದಿದ್ದ ಯಜಮಾನರು ಸೀದಾ ವೇದಿಕೆ ಹತ್ತಿ, "ಅವ್ವಗ ಮನ್ಯಾಗ ಕೆಲಸ ಅದರಿ, ನಾ ಅದೀನಲ್ಲ," ಎಂದು ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಫೋಟೋಕ್ಕೂ ನಿಂತರು. ಪರೀಕ್ಷೆಗೆ ಸೊಸೆ, ಸನ್ಮಾನಕ್ಕೆ ಮಗ. ಅತ್ತೆ ಮಾತ್ರ ಮನೆಯಲ್ಲಿ ಸಂಜೆಯ ಅಡಿಗೆಗೆ ಒಲೆ ಹಚ್ಚುತ್ತಿದ್ದರು.

ಆ ಚೀಟಿಯನ್ನು ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು. ಹೆಸರು ಅಚ್ಚಾಗಿತ್ತು, ಅಂದಮೇಲೆ ಎಲುಬೂ ಅವರದೇ. ಮಾತ್ರೆಗಳನ್ನು ತಮಗೇಕೆಂದು ಓಣಿಯ ಹೆಂಗಸರಿಗೆ ಹಂಚಿಬಿಟ್ಟರು. ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ, ನಾನು ಮಾಡಿದ್ದು ಅದಕ್ಕಿಂತ ಹೊಲಸು. ಆ ವರ್ಷವೆಲ್ಲ ಅವರು ತುಂಬಿದ ಕೊಡ ಇಳಿಸಿ ಬೆನ್ನು ಹಿಡಿದುಕೊಂಡು ಕೂತಾಗ, ನನಗೆ ಶಾಲೆಗೆ ಹೊತ್ತಾಗುತ್ತಿತ್ತು. "ರಿಪೋರ್ಟ್ ನಾರ್ಮಲ್ ಅದ ಅಲ್ರಿ ಅತ್ತಿ, ಗ್ಯಾಸ್ ಇರಬೇಕು," ಅನ್ನುತ್ತಿದ್ದೆ. ಅವರು ಅದನ್ನೇ ನಂಬಿ ಎದ್ದು ಮತ್ತೊಂದು ಕೊಡಕ್ಕೆ ಹೋಗುತ್ತಿದ್ದರು. ನನ್ನ ಎಲುಬಿನ ಚೀಟಿ ತೋರಿಸಿ ಅವರ ಬೆನ್ನಿನಿಂದ ಕೆಲಸ ತೆಗೆಯುತ್ತಿದ್ದೆ. ನಾಚಿಕೆ ಆಗ ಬರಲಿಲ್ಲ, ಈಗ ಬರುತ್ತದೆ.

ಒಂದು ಬೆಳಿಗ್ಗೆ ಹಿಟ್ಟಿನ ಡಬ್ಬಿ ಎತ್ತಲು ಬಗ್ಗಿದವರು ನೆಟ್ಟಗಾಗಲಿಲ್ಲ. ಯಾದಗಿರಿಗೆ ಒಯ್ದೆವು. ಅಲ್ಲಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನೆಲುಬಿನ ಎರಡು ಮಣಿ ಕುಸಿದಿವೆ ಎಂದರು. ಯಜಮಾನರು ಹೆಮ್ಮೆಯಿಂದ ಚೀಟಿ ಚಾಚಿದರು. ಡಾಕ್ಟರು ಚೀಟಿ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

"ಹಿಮ್ಮಡಿ ಮಶೀನು ಬರೀ ಅಂದಾಜು ಹೇಳತದ. ಆದ್ರೂ ಇಷ್ಟು ಫರಕ್ ಬರಬಾರದು. ಇದು ಇವರದೇ ಏನ್ರಿ?"

ಯಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿ ರಜೆ ಹುಡುಕತೊಡಗಿದರು.

"ನಂದ್ರಿ," ಎಂದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲುಬಿನ ಸಾಂದ್ರತೆಯನ್ನು ಸರಿಯಾಗಿ ಅಳೆಯುವ ದೊಡ್ಡ ಮಶೀನಿಗೆಂದು ಕಲಬುರಗಿಗೆ ಬರೆದುಕೊಟ್ಟರು. ಅಲ್ಲಿ ಅತ್ತೆಯನ್ನು ಅಂಗಾತ ಮಲಗಿಸಿ, ಬೆನ್ನು ಸೊಂಟಗಳ ಮೇಲೆ ಮಶೀನಿನ ತೋಳನ್ನು ನಿಧಾನವಾಗಿ ಸರಿಸಿದರು. ನೋವಿಲ್ಲ, ಸೂಜಿಯಿಲ್ಲ, ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಎಲುಬು ಬಹಳ ಸವೆದಿದೆ ಎಂದು ಬಂತು. ಮದ್ದು ಶುರುವಾಯಿತು. ಇನ್ನು ಮುರಿಯುವುದನ್ನು ತಡೆಯಲು ನೋಡಬಹುದು, ಕುಸಿದದ್ದು ಮೇಲೇಳುವುದಿಲ್ಲ, ಒಂದು ವರ್ಷ ಮೊದಲೇ ಬರಬೇಕಿತ್ತು ಎಂದರು.

ಊರಿಗೆ ಮರಳುವಾಗ ಬಸ್ಸು ಶಹಾಪುರದಲ್ಲಿ ನಿಂತಿತು. ಯಜಮಾನರು ಚಹಾಕ್ಕೆ ಇಳಿದರು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದ ಅತ್ತೆ ಕಿಟಕಿಯ ಕಡೆ ಕೂತಿದ್ದರು. ನಾನು ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡಿದ್ದ ಮಾತು ತೆಗೆದೆ.

"ನೀವೇ ಕಳಿಸಿದ್ರಲ್ರಿ ಅತ್ತಿ."

"ಹೌದು, ನಾನೇ ಕಳಿಸೀನಿ," ಎಂದರು. "ನಾ ಓದಿಲ್ಲ. ಹೆಸರು ನಂದು ಅದ ಅಂದ್ರ ನಂದೇ ಅಂತ ತಿಳಕೊಂಡಿದ್ದೆ. ನೀ ಸಾಲ್ಯಾಗ ಹುಡುಗರಿಗಿ ಕಲಿಸಾಕಿ. ನಾ ಬೆನ್ನು ಅಂದಾಗೆಲ್ಲ ನಾರ್ಮಲ್ ಅದ ಅಂತಿದ್ದಿ. ಆವಾಗ ನಿನಗ ಗೊತ್ತಿತ್ತೋ ಇಲ್ಲೋ?"

ಬಸ್ಸಿನೊಳಗೆ ಕಡಲೆ ಮಾರುವವನು ನಮ್ಮ ಸೀಟು ದಾಟಿ ಹೋದ. ಅತ್ತೆ ಕಾಯುತ್ತಿದ್ದರು.

"ಗೊತ್ತಿತ್ರಿ," ಎಂದೆ.